ಕೈರೋದಲ್ಲಿ ಕೆರೆ ಮ್ಯಾಪ್: ಎಲ್ಲದಕ್ಕೂ ಒಂದೇ ಪಾತ್ ಕಟ್ಟೋದಾ, ಕೆರೆಗೊಂದು ಕಟ್ಟೋದಾ?

ಕೆರೆದಂಡೆ
ಎಲ್ರಿಗೂ ನಮಸ್ಕಾರ. ನಮ್ಮ ಬಡಾವಣೆ ಕೆರೆ ಗುಂಪಿಗೆ ಅಂತ ಬೆಂಗಳೂರಿನ ಕೆರೆಗಳದ್ದು ಒಂದು ದೊಡ್ಡ ಪ್ರಿಂಟ್ ಮ್ಯಾಪ್ ಮಾಡ್ತಿದೀನಿ. ಡೇಟಾ ಓಪನ್‌ಸ್ಟ್ರೀಟ್‌ಮ್ಯಾಪ್‌ದು, ಜಿಯೋಜೆಸನ್ (ನಕ್ಷೆಯ ಆಕಾರ ಇಡೋ ಫೈಲ್) ಮಾಡ್ಕೊಂಡು ಯುಟಿಎಂ ಮೀಟರ್‌ಗೆ (ಅಕ್ಷಾಂಶ-ರೇಖಾಂಶದ ಬದಲು ಮೀಟರ್ ಲೆಕ್ಕ) ಬದಲಾಯಿಸಿದೀನಿ, ಬರೆಯೋದು ಪೈಕೈರೋದಲ್ಲಿ (ಕೈರೋ ಅನ್ನೋ ಚಿತ್ರ ಬರೆಯೋ ಲೈಬ್ರರಿಯನ್ನ ಪೈಥಾನ್‌ನಿಂದ ಬಳಸೋದು), ಕೊನೆಗೆ ಪಿಡಿಎಫ್ ಬೇಕು. ಮುಖ್ಯ ಪುಟದಲ್ಲಿ ಇಡೀ ನಗರ, ಪಕ್ಕದ ಚೌಕಗಳಲ್ಲಿ ಒಂದೊಂದು ಕೆರೆ ಜೂಮ್ ಮಾಡಿ ತೋರಿಸ್ಬೇಕು.

ಈಗಿನ ಸ್ಥಿತಿ ಹೇಳ್ತೀನಿ. ಕೆರೆ ಒಳಗಿನ ನಡುಗಡ್ಡೆಗಳೂ ನೀಲಿಯಾಗಿ ತುಂಬ್ಕೊಳ್ತಿವೆ, ಹಲಸೂರು ಕೆರೆ ದ್ವೀಪಗಳು ಕಾಣ್ತಾನೇ ಇಲ್ಲ. ಕೋಡಿ ಇರೋ ಕಡೆ ಚಿಕ್ಕ ವೃತ್ತ ಹಾಕ್ತೀನಿ ಆರ್ಕ್ ಕಾಲ್ ಮಾಡಿ, ಒಂದು ವೃತ್ತದಿಂದ ಇನ್ನೊಂದಕ್ಕೆ ಸುಮ್ನೆ ಗೆರೆ ಎಳ್ಕೊಂಡ್ ಹೋಗತ್ತೆ. ಬಣ್ಣ ಸ್ವಲ್ಪ ಪಾರದರ್ಶಕ ಇಟ್ಟಿದೀನಿ, ಆದ್ರೆ ಮೊದಲು ಬರೆದ ಕೆರೆಗಳು ಗಾಢ ನೀಲಿ, ಕೊನೆಯವು ತಿಳಿ ನೀಲಿ ಬರ್ತಿವೆ, ಬರೀತಾ ಹೋದಂಗೆ ನಿಧಾನ ಬೇರೆ. ಅಂಚಿನ ಗೆರೆ ಜೂಮ್ ಚೌಕದಲ್ಲಿ ಹಗ್ಗದಷ್ಟು ದಪ್ಪ ಆಗತ್ತೆ.

ಇದೆಲ್ಲ ಒಂದೊಂದಾಗಿ ಸರಿ ಮಾಡ್ಬಹುದು, ಆದ್ರೆ ಅದಕ್ಕಿಂತ ಮೊದಲು ನನಗೆ ಬೇಕಿರೋದು ಒಟ್ಟು ರಚನೆ. ಎಲ್ಲಾ ಕೆರೆಗೂ ಸೇರಿಸಿ ಒಂದೇ ಪಾತ್ (ಬಿಂದು ಜೋಡಿಸಿದ ಆಕಾರದ ಗೆರೆ) ಕಟ್ಟಿ ಒಂದೇ ಸಲ ಫಿಲ್ (ಬಣ್ಣ ತುಂಬೋದು) ಮಾಡೋದು ಸರಿನಾ, ಕೆರೆಗೊಂದು ಪಾತ್ ಸರಿನಾ? ಒಂದ್ಸಲ ಕಟ್ಟಿದ ಪಾತನ್ನ ಕಾಪಿ_ಪಾತ್ ಮಾಡಿ ಇಟ್ಕೊಂಡು ಎಲ್ಲಾ ಚೌಕದಲ್ಲೂ ಬಳಸ್ಬಹುದಾ?

ಗೆರೆಗಾರ
ವೃತ್ತದ ಗೆರೆಗೆ ಉತ್ತರ: ಪ್ರತಿ ಆರ್ಕ್‌ಗೆ ಮುಂಚೆ ನ್ಯೂ_ಸಬ್_ಪಾತ್() ಹಾಕಿ. ಕರೆಂಟ್ ಪಾಯಿಂಟ್ (ಈಗ ಪೆನ್ ನಿಂತಿರೋ ಜಾಗ) ಇದ್ರೆ ಆರ್ಕ್ ಅಲ್ಲಿಂದ ತನ್ನ ಆರಂಭಕ್ಕೆ ಗೆರೆ ಎಳ್ದೇ ಎಳೆಯತ್ತೆ. ಅದು ಬಗ್ ಅಲ್ಲ, ದುಂಡು ಮೂಲೆ ಚೌಕ ಬರೆಯೋರಿಗೆ ಅದೇ ಬೇಕು.

ಪಿಕ್ಸೆಲ್_ಪುಟ್ಟಿ
ಗಾಢ-ತಿಳಿ ವಿಷಯ ನೋಡಿದ್ ಕೂಡ್ಲೇ ಗೊತ್ತಾಗತ್ತೆ 🙂 ನೀವು ಫಿಲ್_ಪ್ರಿಸರ್ವ್ ಆದ್ಮೇಲೆ ಸ್ಟ್ರೋಕ್_ಪ್ರಿಸರ್ವ್ ಹಾಕಿದೀರ ಅನ್ಸತ್ತೆ (ಸ್ಟ್ರೋಕ್ ಅಂದ್ರೆ ಅಂಚಿನ ಗೆರೆ ಎಳೆಯೋದು, ಪ್ರಿಸರ್ವ್ ಅಂದ್ರೆ ಪಾತ್ ಉಳಿಸ್ಕೊಳ್ಳೋದು). ಹಾಗಾದ್ರೆ ಪಾತ್ ಖಾಲಿ ಆಗೋದೇ ಇಲ್ಲ. ಎರಡನೇ ಕೆರೆ ಬರೆಯುವಾಗ ಮೊದಲನೇದೂ ಮತ್ತೆ ಬರೀತಿದೆ, ಮೂರನೇದಕ್ಕೆ ಹಿಂದಿನ ಎರಡೂ... ಅದಕ್ಕೇ ಮೊದಲಿನವು ಬಣ್ಣ ಮೇಲೆ ಬಣ್ಣ ಕೂತು ಗಾಢ ಆಗಿರೋದು, ಅದಕ್ಕೇ ನಿಧಾನನೂ. ಕೊನೇದು ಬರೀ ಸ್ಟ್ರೋಕ್() ಮಾಡಿ, ಅದೇ ಪಾತ್ ಅಳಿಸತ್ತೆ. ಮೇಲಿಂದ ಪ್ರತಿ ಕೆರೆ ಶುರುವಲ್ಲಿ ನ್ಯೂ_ಪಾತ್() ಇದ್ರೆ ಇನ್ನೂ ಒಳ್ಳೇದು.

ವೆಬ್ ಕ್ಯಾನ್ವಾಸ್‌ನಲ್ಲಿ (ಬ್ರೌಸರ್ ಒಳಗೆ ಚಿತ್ರ ಬರೆಯೋದು) ಇದು ಉಲ್ಟಾ ಅಂತ ನೆನಪಿರಲಿ. ಅಲ್ಲಿ ಫಿಲ್() ಸ್ಟ್ರೋಕ್() ಯಾವ್ದೂ ಪಾತ್ ಅಳಿಸಲ್ಲ, ಬಿಗಿನ್‌ಪಾತ್() ನಾವೇ ಕರೀಬೇಕು. ಎರಡೂ ಲೈಬ್ರರಿ ಒಟ್ಟಿಗೆ ಬಳಸೋರಿಗೆ ಇಲ್ಲೇ ಎಡವಟ್ಟು ಆಗೋದು.

ಕೆರೆದಂಡೆ
@ಪಿಕ್ಸೆಲ್_ಪುಟ್ಟಿ ಹೌದು, ಎರಡೂ ಪ್ರಿಸರ್ವ್ ಇತ್ತು. ತೆಗೆದೆ, ಬಣ್ಣ ಸಮ ಆಯ್ತು, ವೇಗನೂ ಬಂತು. ಬಹಳ ಥ್ಯಾಂಕ್ಸ್.

ಮಂಗಳೂರು_ಮಳೆ
ಮಾರಾಯ್ರೆ ನಡುಗಡ್ಡೆಗೆ ಇಷ್ಟು ತಲೆ ಕೆಡಿಸ್ಕೊಳ್ಳುದು ಬೇಡ. ಸೆಟ್_ಫಿಲ್_ರೂಲ್‌ಗೆ ಈವನ್‌ಆಡ್ ಕೊಡಿ, ಹೊರಗಿನ ಉಂಗುರ (ಕೆರೆ ದಂಡೆ) ಒಳಗಿನ ಉಂಗುರ (ನಡುಗಡ್ಡೆ ಅಂಚು) ಒಂದೇ ಪಾತ್‌ಗೆ ಹಾಕಿ ಫಿಲ್ ಮಾಡಿ, ಮುಗೀತು.

ರೇಖಾಗಣಿತ_ಮೇಷ್ಟ್ರು
ಮುಗಿಯಲ್ಲ, ಅಲ್ಲಿಂದಾನೇ ಶುರು. ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಇವರ ಮೂಲ ಪ್ರಶ್ನೆಗೂ ಇದಕ್ಕೂ ನೇರ ಸಂಬಂಧ ಇದೆ.

ಯಾವುದೋ ಒಂದು ಬಿಂದು ಆಕಾರದ ಒಳಗಿದೆಯಾ ಅಂತ ನೋಡೋಕೆ ಅಲ್ಲಿಂದ ಒಂದು ಕಿರಣ ಹೊರಗೆ ಬಿಡ್ತೀವಿ. ಈವನ್‌ಆಡ್ ನಿಯಮ ಆ ಕಿರಣ ಎಷ್ಟು ಗೆರೆ ದಾಟ್ತು ಅಂತ ಮಾತ್ರ ಎಣಿಸತ್ತೆ. ಬೆಸ ಬಂದ್ರೆ ಒಳಗೆ, ಸಮ ಬಂದ್ರೆ ಹೊರಗೆ. ಗೆರೆ ಯಾವ ದಿಕ್ಕಿಗೆ ಹೋಗ್ತಿದೆ ಅನ್ನೋದು ಅದಕ್ಕೆ ಬೇಕಿಲ್ಲ. ಇನ್ನೊಂದು ನಿಯಮ ವೈಂಡಿಂಗ್, ಕೈರೋದಲ್ಲೂ ಕ್ಯಾನ್ವಾಸ್‌ನಲ್ಲೂ ಎಸ್‌ವಿಜಿಲೂ ಅದೇ ಡೀಫಾಲ್ಟ್. ಅದು ಒಂದು ದಿಕ್ಕಿನ ಗೆರೆ ದಾಟಿದ್ರೆ ಒಂದು ಕೂಡತ್ತೆ, ವಿರುದ್ಧ ದಿಕ್ಕಿನದು ದಾಟಿದ್ರೆ ಒಂದು ಕಳೆಯತ್ತೆ, ಕೊನೆಗೆ ಸೊನ್ನೆ ಬರದಿದ್ರೆ ಒಳಗೆ ಅಂತ ಲೆಕ್ಕ. ಕೆರೆದಂಡೆಯವರ ನಡುಗಡ್ಡೆ ತುಂಬ್ಕೊಳ್ತಿರೋದಕ್ಕೆ ಎರಡೇ ಕಾರಣ ಇರ್ಬಹುದು: ಒಂದೋ ಒಳ ಉಂಗುರ ಬೇರೆ ಫಿಲ್‌ನಲ್ಲಿ ಹೋಗ್ತಿದೆ, ಇಲ್ಲಾ ಎರಡು ಉಂಗುರವೂ ಒಂದೇ ದಿಕ್ಕಿಗೆ ಸುತ್ತುತ್ತಿವೆ.

ಈಗ ಮಳೆಯವರು ಹೇಳಿದ ಹಾಗೆ ಈವನ್‌ಆಡ್ ಹಾಕಿ, ಜೊತೆಗೆ ಎಲ್ಲಾ ಕೆರೆ ಒಂದೇ ಪಾತ್‌ಗೆ ತುಂಬಿ ಅಂದ್ಕೊಳ್ಳಿ. ಡೇಟಾದಲ್ಲಿ ಒಂದೇ ಕೆರೆಯನ್ನ ಇಬ್ಬರು ಬರೆದಿದ್ರೆ, ಅಥವಾ ಕೆರೆ ಮತ್ತು ಅದರ ಜೌಗು ಪ್ರದೇಶ ಒಂದರ ಮೇಲೊಂದು ಬಿದ್ದಿದ್ರೆ, ಆ ಜಾಗದಲ್ಲಿ ಎಣಿಕೆ ಎರಡಾಗಿ ಬಿಳಿ ತೂತು ಬೀಳತ್ತೆ. ನೀರಿರೋ ಕಡೆ ನೀರಿಲ್ಲ ಅಂತ ತೋರಿಸೋ ಮ್ಯಾಪ್ ಅದು. ವೈಂಡಿಂಗ್‌ನಲ್ಲಿ ಉಂಗುರಗಳ ದಿಕ್ಕು ಸರಿ ಇದ್ರೆ ಈ ಸಮಸ್ಯೆ ಇಲ್ಲ, ಎರಡು ಸಲ ಬರೆದ ಕೆರೆನೂ ನೀಲಿನೇ.

ಹಾಗಾಗಿ ದಿಕ್ಕು ಸರಿ ಮಾಡ್ಕೊಳ್ಳಿ. ಜಿಯೋಜೆಸನ್‌ನ 2016ರ ಸ್ಪೆಕ್ ಪ್ರಕಾರ ಹೊರ ಉಂಗುರ ಅಪ್ರದಕ್ಷಿಣೆ, ಒಳಗಿನದು ಪ್ರದಕ್ಷಿಣೆ. ಶೇಪ್‌ಫೈಲ್‌ನಲ್ಲಿ ಇದರ ಉಲ್ಟಾ. ಹಳೇ ಜಿಯೋಜೆಸನ್ ಫೈಲುಗಳು ಯಾವ ನಿಯಮನೂ ಪಾಲಿಸದೇ ಇರ್ಬಹುದು, ಅದನ್ನ ನಂಬ್ಬೇಡಿ. ಉಂಗುರದ ಬಿಂದುಗಳಿಂದ ವಿಸ್ತೀರ್ಣ ಲೆಕ್ಕ ಹಾಕಿದ್ರೆ ಚಿಹ್ನೆ ಧನವೋ ಋಣವೋ ಅನ್ನೋದ್ರಲ್ಲೇ ದಿಕ್ಕು ಗೊತ್ತಾಗತ್ತೆ, ತಪ್ಪಿದ್ದನ್ನ ರಿವರ್ಸ್ ಮಾಡಿ.

ಮಂಗಳೂರು_ಮಳೆ
ಮೇಷ್ಟ್ರೇ, ಕೆರೆಗೊಂದು ಪಾತ್ ಮಾಡಿದ್ರೆ ಈವನ್‌ಆಡ್ ಸಾಕಲ್ವಾ? ಪಕ್ಕದ ಕೆರೆ ಜೊತೆ ಎಣಿಕೆ ಸೇರುದೇ ಇಲ್ಲ.

ರೇಖಾಗಣಿತ_ಮೇಷ್ಟ್ರು
ಆಗ ಸಾಕು, ಒಪ್ತೀನಿ. ಆದ್ರೆ ಪಾರದರ್ಶಕ ಬಣ್ಣ ಇದೆ ಅಂದ್ರಲ್ಲ, ಮೇಲೆ ಮೇಲೆ ಬಿದ್ದ ಕಡೆ ಗಾಢ ಆಗತ್ತೆ.

ಕುಂದಾಪ್ರ_ಕೋಡ್
ಇನ್ನೊಂದು ಪ್ರಶ್ನೆ ಮೇಷ್ಟ್ರೇ. ಪಿಡಿಎಫ್‌ನಲ್ಲಿ ವೈ ಕೆಳಗೆ ಹೋದಷ್ಟೂ ಹೆಚ್ಚಾಗೋ ಹಾಗೆ ಕೈರೋ ಇಟ್ಕೊಂಡಿದೆ, ಮ್ಯಾಪ್‌ನಲ್ಲಿ ಉತ್ತರ ಮೇಲೆ. ಅದಕ್ಕೆ ವೈ ತಿರುಗಿಸ್ತೀವಲ್ಲ, ಆಗ ದಿಕ್ಕು ಕೆಡಲ್ವಾ?

ರೇಖಾಗಣಿತ_ಮೇಷ್ಟ್ರು
ಹೊರಗಿನದೂ ಒಳಗಿನದೂ ಎರಡೂ ಒಟ್ಟಿಗೇ ತಿರುಗತ್ತೆ. ಪರಸ್ಪರ ವಿರುದ್ಧ ಇರೋದು ಹಾಗೇ ಉಳಿಯತ್ತೆ, ವೈಂಡಿಂಗ್‌ಗೆ ಅಷ್ಟೇ ಬೇಕಿರೋದು.

ಹುಬ್ಬಳ್ಳಿ_ಹುಡುಗ
ನಾ ಹೇಳೋದು ಕೇಳ್ರಿ, ಕೆರಿಗೊಂದು ಪಾತ್ ಮಾಡ್ರಿ. ನಾಳೆ ಒಂದು ಕೆರಿ ಬಣ್ಣ ಬ್ಯಾರೆ ಬೇಕಂತೀರಿ, ಒಂದಕ್ಕ ಹೆಸರು ಬೇಕಂತೀರಿ, ಒಂದನ್ನ ತಗೀಬೇಕಂತೀರಿ, ಎಲ್ಲಾ ಒಂದ ಪಾತ್‌ನ್ಯಾಗ ತುಂಬಿದ್ರ ಹೆಂಗ ಬೇರ್ಪಡಸ್ತೀರಿ? ಡಿಬಗ್ ಮಾಡೂದು ಬ್ಯಾರೆ ಕಷ್ಟ ಆಗತೈತಿ. ಯಾವ ಉಂಗುರ ಕೆಟ್ಟೈತಿ ಅಂತ ಹುಡುಕಾಕ ಕೂತ್ರ ದಿನಾನ ಹೋಗತೈತಿ. ಫಂಕ್ಷನ್ ಒಂದು ಬರೀರಿ, ಒಳಗ ಒಂದು ಕೆರಿ ಡೇಟಾ ಬರಬೇಕು, ಅದು ನ್ಯೂ_ಪಾತ್ ಮಾಡಿ, ಉಂಗುರ ಎಲ್ಲಾ ಹಾಕಿ, ಕ್ಲೋಸ್_ಪಾತ್ ಮಾಡಿ ಸುಮ್ನಾಗಬೇಕು. ಫಿಲ್ ಸ್ಟ್ರೋಕ್ ಹೊರಗ.

ಪಿಕ್ಸೆಲ್_ಪುಟ್ಟಿ
ಫಂಕ್ಷನ್ ಬೇರ್ಪಡಿಸೋದು ನೂರಕ್ಕೆ ನೂರು ಒಪ್ಪಿದೆ. ಆದ್ರೆ ಅದೇ ಫಂಕ್ಷನ್ ಒಳಗೆ ನ್ಯೂ_ಪಾತ್ ಇರಬಾರದು, ಅದನ್ನೂ ಹೊರಗಿಡಿ. ಆಗ ಬೇಕಾದ್ರೆ ಒಂದು ಕೆರೆ ಕರೆದು ಫಿಲ್ ಮಾಡಿ, ಬೇಕಾದ್ರೆ ಲೂಪ್‌ನಲ್ಲಿ ಎಲ್ಲಾ ಕರೆದು ಕೊನೆಗೆ ಒಂದೇ ಫಿಲ್ ಮಾಡಿ. ಇವರಿಗೆ ಎರಡೂ ಬೇಕು. ಇಡೀ ನಗರದ ಚಿತ್ರದಲ್ಲಿ ಎಲ್ಲಾ ಕೆರೆಗೂ ಒಂದೇ ಬಣ್ಣ, ಪಾರದರ್ಶಕ ಬೇರೆ, ಅಲ್ಲಿ ಒಂದೇ ಪಾತ್ ಒಂದೇ ಫಿಲ್. ಆಗ ಒಂದರ ಮೇಲೊಂದು ಬಿದ್ದ ಕಡೆ ಬಣ್ಣ ಎರಡು ಸಲ ಕೂರಲ್ಲ. ಜೂಮ್ ಚೌಕದಲ್ಲಿ ಒಂದೇ ಕೆರೆ.

ಹುಬ್ಬಳ್ಳಿ_ಹುಡುಗ
ಇದು ಖರೇ ಐತಿ. ನ್ಯೂ_ಪಾತ್ ಹೊರಗಿಡ್ರಿ.

ಶಿರಸಿ_ಸಂತೆ
ಇದಕ್ಕೆಲ್ಲ ಕೋಡ್ ಯಾಕೆ ಬೇಕು, ಕ್ಯೂಜಿಐಎಸ್‌ನಲ್ಲಿ (ನಕ್ಷೆ ಮಾಡೋ ಸಾಫ್ಟ್‌ವೇರ್) ಲೇಯರ್ ಹಾಕಿ ಪ್ರಿಂಟ್ ಲೇಔಟ್ ತೆಗೆದ್ರೆ ಅರ್ಧ ದಿನದ ಕೆಲಸ ಅಲ್ವಾ?

ಕೆರೆದಂಡೆ
ಕ್ಯೂಜಿಐಎಸ್ ಬಳಸ್ತೀನಿ, ಡೇಟಾ ಸರಿ ನೋಡೋಕೆ ಅದೇ. ಆದ್ರೆ ಪ್ರತಿ ಬಡಾವಣೆಗೂ ಬೇರೆ ಪುಟ, ಪ್ರತಿ ಸಲ ಯಾರಾದ್ರೂ ಡೇಟಾ ತಿದ್ದಿದಾಗ ಮತ್ತೆ ಪುಟ ಹೊರಬರ್ಬೇಕು, ಗೆರೆ ದಪ್ಪ, ಹೆಸರು, ಚೌಕದ ಜಾಗ ಎಲ್ಲಾ ನಮ್ಮ ಕೈಲಿರ್ಬೇಕು. ಪಾತ್ ಕಟ್ಟೋದು ನಿಜವಾಗ್ಲೂ ಇಷ್ಟ ಆಗ್ತಿದೆ ನನಗೆ.

ಗೆರೆಗಾರ
ಗೆರೆ ದಪ್ಪ ಹಗ್ಗ ಆಗ್ತಿದೆ ಅಂದ್ರಲ್ಲ, ಅದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ಕೈರೋದಲ್ಲಿ ಬಿಂದುಗಳು ಪಾತ್‌ಗೆ ಸೇರೋ ಕ್ಷಣದಲ್ಲಿ ಆಗಿರೋ ಟ್ರಾನ್ಸ್‌ಫಾರ್ಮ್ (ಜರುಗಿಸೋ, ದೊಡ್ಡದು ಮಾಡೋ ಲೆಕ್ಕ) ತಗೊಳ್ತವೆ. ಗೆರೆ ದಪ್ಪ ಮಾತ್ರ ಸ್ಟ್ರೋಕ್ ಕರೆಯೋ ಕ್ಷಣದ ಟ್ರಾನ್ಸ್‌ಫಾರ್ಮ್ ತಗೊಳತ್ತೆ. ಹಾಗಾಗಿ ಸೇವ್(), ಟ್ರಾನ್ಸ್‌ಲೇಟ್, ಸ್ಕೇಲ್, ಪಾತ್ ಕಟ್ಟಿ, ರಿಸ್ಟೋರ್(), ಆಮೇಲೆ ಲೈನ್ ವಿಡ್ತ್ ಕೊಟ್ಟು ಸ್ಟ್ರೋಕ್. ರಿಸ್ಟೋರ್ ಮಾಡಿದ್ರೂ ಪಾತ್ ಹೋಗಲ್ಲ, ಯಾಕಂದ್ರೆ ಕೈರೋದಲ್ಲಿ ಸೇವ್-ರಿಸ್ಟೋರ್‌ಗೆ ಪಾತ್ ಸೇರಿಲ್ಲ. ಆಗ 0.5 ಅಂದ್ರೆ ಕಾಗದದ ಮೇಲೆ 0.5 ಪಾಯಿಂಟೇ, ಎಷ್ಟೇ ಜೂಮ್ ಇರಲಿ.

ವೈ ಕಡೆ ಎಕ್ಸ್ ಕಡೆ ಬೇರೆ ಬೇರೆ ಸ್ಕೇಲ್ ಇದ್ರಂತೂ ಇದು ಬೇಕೇ ಬೇಕು, ಇಲ್ಲಾಂದ್ರೆ ಗೆರೆ ಒಂದು ಕಡೆ ದಪ್ಪ ಒಂದು ಕಡೆ ಸಣ್ಣ ಬರತ್ತೆ.

ಹಳೇಬೇರು
ಪೋಸ್ಟ್‌ಸ್ಕ್ರಿಪ್ಟ್ (ಪ್ರಿಂಟರ್‌ಗೆ ಪುಟ ವಿವರಿಸೋ ಭಾಷೆ) ಬರೀತಿದ್ದ ಕಾಲದವ ನಾನು. ಅಲ್ಲಿ ಜಿಸೇವ್ ಮಾಡಿದ್ರೆ ಪಾತೂ ಸೇರಿ ಉಳೀತಿತ್ತು, ಜಿರಿಸ್ಟೋರ್ ಮಾಡಿದ್ರೆ ಹಳೇ ಪಾತ್ ವಾಪಸ್. ಅದಕ್ಕೇ ಆಗ ಜಿಸೇವ್ ಫಿಲ್ ಜಿರಿಸ್ಟೋರ್ ಸ್ಟ್ರೋಕ್ ಅಂತ ಬರೆಯೋ ರೂಢಿ. ಕೈರೋ ಆ ವಂಶದ್ದೇ ಆದ್ರೂ ಇಲ್ಲಿ ದಾರಿ ಬದಲಾಯಿಸಿ ಫಿಲ್_ಪ್ರಿಸರ್ವ್ ಅಂತ ಬೇರೆ ಕಾಲ್ ಇಟ್ರು. ನನಗೆ ಈಗಿನದೇ ಮೇಲು ಅನ್ಸತ್ತೆ, ಓದಿದ್ರೆ ಏನಾಗ್ತಿದೆ ಅಂತ ತಿಳಿಯತ್ತೆ.

ಮೂವ್_ಟು, ಲೈನ್_ಟು, ಕರ್ವ್_ಟು, ಕ್ಲೋಸ್_ಪಾತ್ ಈ ನಾಲ್ಕು 1984ರ ಪೋಸ್ಟ್‌ಸ್ಕ್ರಿಪ್ಟ್‌ನಿಂದ ಬಂದವು, ಇವತ್ತಿಗೂ ಪಿಡಿಎಫ್ ಫೈಲ್ ಬಿಚ್ಚಿ ನೋಡಿದ್ರೆ ಎಂ, ಎಲ್, ಸಿ, ಎಚ್ ಅಂತ ಅವೇ ಕೂತಿರ್ತವೆ.

ಕುಂದಾಪ್ರ_ಕೋಡ್
ಕರ್ವ್‌ನ ಗಣಿತ ಇನ್ನೂ ಹಳೇದು. ಕಾರಿನ ಬಾಡಿ ವಿನ್ಯಾಸಕ್ಕೆ ಅಂತ ಫ್ರಾನ್ಸ್‌ನಲ್ಲಿ ಸಿಟ್ರೋಯೆನ್ ಕಂಪನೀಲಿ ದ ಕಾಸ್ಟೆಲ್ಜೋ 1959ರಲ್ಲಿ ಮಾಡಿದ್ದು, ಕಂಪನಿ ಅದನ್ನ ಗುಟ್ಟಾಗಿಟ್ಟಿತ್ತು. ರೆನೋದಲ್ಲಿದ್ದ ಬೆಜಿಯೇ 1960ರ ದಶಕದಲ್ಲಿ ಪ್ರಕಟಿಸಿದ್ರಿಂದ ಹೆಸರು ಅವರಿಗೆ ಹೋಯ್ತು. ಆದ್ರೆ ಕರ್ವನ್ನ ಮಧ್ಯಕ್ಕೆ ಕತ್ತರಿಸಿ ಕತ್ತರಿಸಿ ಚಿಕ್ಕ ಗೆರೆ ಮಾಡೋ ವಿಧಾನಕ್ಕೆ ಈಗಲೂ ದ ಕಾಸ್ಟೆಲ್ಜೋ ಹೆಸರೇ.

ಮಂಗಳೂರು_ಮಳೆ
ಹಾಗಾದ್ರೆ ಆರ್ಕ್ ಕೂಡ ನಿಜವಾದ ವೃತ್ತ ಅಲ್ವಾ?

ಕುಂದಾಪ್ರ_ಕೋಡ್
ಅಲ್ಲ. ಕ್ಯೂಬಿಕ್ ಬೆಜಿಯೇಯಿಂದ (ಕರ್ವ್_ಟು ಬರೆಯೋ ಕರ್ವ್) ಪಕ್ಕಾ ವೃತ್ತ ಬರೋದೇ ಇಲ್ಲ. ಕಾಲು ವೃತ್ತಕ್ಕೊಂದರಂತೆ ನಾಲ್ಕು ಕರ್ವ್ ಹಾಕಿ, ಕಂಟ್ರೋಲ್ ಪಾಯಿಂಟನ್ನ (ಕರ್ವ್ ಬಾಗಿಸೋ ಬಿಂದು) ತ್ರಿಜ್ಯದ 0.5523 ಪಟ್ಟು ದೂರ ಇಟ್ರೆ ತಪ್ಪು ತ್ರಿಜ್ಯದ ಸುಮಾರು 0.03%, ಅಂದ್ರೆ ಕಣ್ಣಿಗೆ ಕಾಣಲ್ಲ. ಕೈರೋ ವೃತ್ತ ದೊಡ್ಡದಾದಂಗೆ ಇನ್ನೂ ಹೆಚ್ಚು ತುಂಡು ಮಾಡ್ಕೊಳತ್ತೆ, ಟಾಲರೆನ್ಸ್ (ಒಪ್ಪೋ ತಪ್ಪಿನ ಮಿತಿ) ಮೀರದ ಹಾಗೆ.

ಕೆರೆದಂಡೆ
ಇಲ್ಲಿವರೆಗೆ ಆದದ್ದು: ಉಂಗುರಗಳನ್ನ ಒಂದೇ ಪಾತ್‌ಗೆ ಹಾಕಿ ಈವನ್‌ಆಡ್ ಕೊಟ್ಟೆ, ನಡುಗಡ್ಡೆ ಬಂತು. ಗೆರೆ ದಪ್ಪ ಸರಿ ಆಯ್ತು. ಆದ್ರೆ ಹೊಸದೊಂದು ಬಂದಿದೆ. ಕೆರೆ ಹೆಸರುಗಳನ್ನ ಪ್ಯಾಂಗೋ (ಅಕ್ಷರ ಜೋಡಿಸೋ ಲೈಬ್ರರಿ) ಲೇಔಟ್_ಪಾತ್‌ನಿಂದ ಬರೆದು ಸುತ್ತ ಬಿಳಿ ಅಂಚು ಕೊಡ್ತೀನಿ, ನೀಲಿ ಮೇಲೆ ಓದೋಕೆ ಆಗ್ಲಿ ಅಂತ. "ಹೆಬ್ಬಾಳ" ದಲ್ಲಿ ಬ ಒತ್ತು ಮೇಲಿನ ಅಕ್ಷರಕ್ಕೆ ತಾಗೋ ಕಡೆ ಚಿಕ್ಕ ಬಿಳಿ ತೂತು, "ಬೆಳ್ಳಂದೂರು" ನಲ್ಲೂ ಹಾಗೇ. ಕೆಲವು ಅಕ್ಷರದ ತುದಿಯಿಂದ ಮುಳ್ಳಿನ ಹಾಗೆ ಬಿಳಿ ಚೂಪು ಹೊರಗೆ ಬರ್ತಿದೆ. ಫಾಂಟ್ ಕೆಟ್ಟಿದೆಯಾ?

ರೇಖಾಗಣಿತ_ಮೇಷ್ಟ್ರು
ಫಾಂಟ್ ಸರಿಯಾಗೇ ಇದೆ! ಕೆರೆಗೆ ಕೊಟ್ಟ ಈವನ್‌ಆಡ್ ಅಕ್ಷರಕ್ಕೂ ಅಂಟ್ಕೊಂಡಿದೆ. ಫಿಲ್ ರೂಲ್ ಕಾಂಟೆಕ್ಸ್ಟ್‌ನ (ಬರೆಯೋ ಸೆಟ್ಟಿಂಗ್ ಎಲ್ಲಾ ಇಟ್ಕೊಳ್ಳೋ ಆಬ್ಜೆಕ್ಟ್) ಸ್ಥಿತಿ, ನೀವು ಬದಲಾಯಿಸೋ ತನಕ ಹಾಗೇ ಇರತ್ತೆ. ಕನ್ನಡದಲ್ಲಿ ಮೂಲಾಕ್ಷರ ಒಂದು ಗ್ಲಿಫ್ (ಫಾಂಟ್‌ನ ಒಂದು ಆಕಾರ), ಒತ್ತಕ್ಷರ ಇನ್ನೊಂದು ಗ್ಲಿಫ್, ಎರಡರ ಔಟ್‌ಲೈನೂ ಒಂದೇ ಪಾತ್‌ನಲ್ಲಿದೆ, ಅವು ತಾಗಿ ಒಂದರ ಮೇಲೊಂದು ಬಿದ್ದ ಕಡೆ ಎಣಿಕೆ ಎರಡು, ಅಂದ್ರೆ ತೂತು. ವೇರಿಯಬಲ್ ಫಾಂಟಲ್ಲಿ ಒಂದೇ ಗ್ಲಿಫ್ ಒಳಗೂ ತುಂಡುಗಳು ಒಂದರ ಮೇಲೊಂದು ಇರ್ಬಹುದು. ಫಾಂಟ್‌ಗಳನ್ನ ವೈಂಡಿಂಗ್ ನಿಯಮ ನಂಬಿಯೇ ಮಾಡಿರ್ತಾರೆ. ಕೆರೆ ಬರೆಯೋದನ್ನ ಸೇವ್-ರಿಸ್ಟೋರ್ ಒಳಗೆ ಇಟ್ರೆ ಫಿಲ್ ರೂಲ್ ಹಳೇದಕ್ಕೆ ಬರತ್ತೆ. ಇದಕ್ಕೇ ನಾನು ಮೊದಲೇ ಹೇಳಿದ್ದು, ಉಂಗುರದ ದಿಕ್ಕು ಸರಿ ಮಾಡಿ ಎಲ್ಲಾ ಕಡೆ ವೈಂಡಿಂಗೇ ಇಟ್ಕೊಳ್ಳಿ ಅಂತ.

ಅಕ್ಷರ_ಅಂಚು
ಮುಳ್ಳು ಬರೋದು ಮೈಟರ್ ಜಾಯಿನ್‌ನಿಂದ. ಎರಡು ಗೆರೆ ಚೂಪಾಗಿ ಸೇರೋ ಕಡೆ ಅಂಚು ಉದ್ದಕ್ಕೆ ಚಾಚತ್ತೆ. ಕೈರೋ ಡೀಫಾಲ್ಟ್ ಮೈಟರ್ ಮಿತಿ 10, ಕ್ಯಾನ್ವಾಸ್‌ನಲ್ಲೂ 10, ಎಸ್‌ವಿಜಿಲಿ 4, ಅದಕ್ಕೇ ಅದೇ ಅಕ್ಷರ ಎಸ್‌ವಿಜಿಲಿ ಬೇರೆ ಥರ ಕಾಣೋದು. ಲೈನ್ ಜಾಯಿನ್ ರೌಂಡ್ ಮಾಡಿ, ಕನ್ನಡದ ದುಂಡಕ್ಷರಕ್ಕೆ ಅದೇ ಚೆನ್ನ.

ಕ್ರಮ ಹೀಗಿರಲಿ: ಲೇಔಟ್_ಪಾತ್, ಬಿಳಿ ಬಣ್ಣ, ಲೈನ್ ವಿಡ್ತ್ 3, ಸ್ಟ್ರೋಕ್(). ಆಮೇಲೆ ಮತ್ತೆ ಮೂವ್_ಟು ಮಾಡಿ ಶೋ_ಲೇಔಟ್‌ನಿಂದ ನಿಜವಾದ ಅಕ್ಷರ ಹಾಕಿ. ಎರಡನೇ ಸಲ ಪಾತ್ ಫಿಲ್ ಮಾಡ್ಬೇಡಿ. ಪಾತ್ ಫಿಲ್ ಮಾಡಿದ್ರೆ ಪಿಡಿಎಫ್‌ನಲ್ಲಿ ಅದು ಬರೀ ಆಕಾರ, ಯಾರೂ "ಹೆಬ್ಬಾಳ" ಅಂತ ಹುಡುಕಕ್ಕಾಗಲ್ಲ, ಕಾಪಿ ಮಾಡಕ್ಕಾಗಲ್ಲ. ಕನ್ನಡದ ಎಷ್ಟೋ ಪಿಡಿಎಫ್ ಹುಡುಕಾಟಕ್ಕೆ ಸಿಗದೇ ಸತ್ತು ಬಿದ್ದಿವೆ, ಇನ್ನೊಂದು ಸೇರೋದು ಬೇಡ. ಗೆರೆ ಅಕ್ಷರದ ಒಳಗೂ ಹೊರಗೂ ಅರ್ಧರ್ಧ ಹರಡತ್ತೆ, ಆದ್ರಿಂದ 3 ಅಂದ್ರೆ ಹೊರಗೆ ಕಾಣೋದು 1.5.

ಕೈರೋದ ಸ್ವಂತ ಶೋ_ಟೆಕ್ಸ್ಟ್, ಟೆಕ್ಸ್ಟ್_ಪಾತ್ ಕಡೆ ಮಾತ್ರ ಹೋಗ್ಬೇಡಿ, ಅವು ಒತ್ತು ಕೂಡಿಸಲ್ಲ. ಪ್ಯಾಂಗೋ ಒಳಗೆ ಹಾರ್ಫ್‌ಬಜ್ ಇದೆ, ಅದೇ ಒತ್ತಕ್ಷರ ಸರಿ ಜಾಗಕ್ಕೆ ಕೂರಿಸೋದು.

ಕೆರೆದಂಡೆ
ಎರಡೂ ಹೋಯ್ತು! ತೂತೂ ಇಲ್ಲ ಮುಳ್ಳೂ ಇಲ್ಲ. ದಿಕ್ಕು ತಿದ್ದೋ ಫಂಕ್ಷನ್ ಬರೆದು ಈವನ್‌ಆಡ್ ಪೂರ್ತಿ ತೆಗೆದೆ. ಈಗ ಉಳಿದಿದ್ದು ಕಾಪಿ_ಪಾತ್ ಪ್ರಶ್ನೆ. ಇಡೀ ನಗರದ ಚಿತ್ರ ಬರೆಯುವಾಗ ಪ್ರತಿ ಕೆರೆಯ ಪಾತ್ ಕಾಪಿ ಮಾಡಿ ಡಿಕ್ಷನರಿಲಿ ಇಟ್ಟು, ಜೂಮ್ ಚೌಕದಲ್ಲಿ ಅಪೆಂಡ್_ಪಾತ್ ಮಾಡಿದ್ರೆ ಕೆರೆ ದಂಡೆ ಸ್ವಲ್ಪ ಮೆಟ್ಟಿಲು ಮೆಟ್ಟಿಲಾಗಿ ಕಾಣ್ತಿದೆ. ಡೇಟಾದಲ್ಲಿ ಹಾಗಿಲ್ಲ.

ಗೆರೆಗಾರ
ಇದು ಒಳ್ಳೇ ಪ್ರಶ್ನೆ, ಬಹಳ ಜನಕ್ಕೆ ಗೊತ್ತಿಲ್ಲದ್ದು. ಕೈರೋ ಪಾತ್ ಒಳಗೆ ಬಿಂದುಗಳು ಫ್ಲೋಟ್ (ದಶಮಾಂಶ ಸಂಖ್ಯೆ) ಆಗಿ ಇರಲ್ಲ. 24.8 ಫಿಕ್ಸೆಡ್ ಪಾಯಿಂಟ್, ಅಂದ್ರೆ ಪೂರ್ಣಾಂಕಕ್ಕೆ 24 ಬಿಟ್, ಭಿನ್ನರಾಶಿಗೆ 8 ಬಿಟ್. ಹಾಗಾಗಿ ಒಂದು ಡಿವೈಸ್ ಯೂನಿಟ್‌ನ (ಪುಟದ ಮೇಲಿನ ಅಳತೆ) 256ನೇ ಒಂದು ಭಾಗಕ್ಕಿಂತ ಸೂಕ್ಷ್ಮವಾದದ್ದು ಉಳಿಯೋದೇ ಇಲ್ಲ. ನೀವು ಲೈನ್_ಟು ಕರೆದ ತಕ್ಷಣ ಟ್ರಾನ್ಸ್‌ಫಾರ್ಮ್ ಆಗಿ, ಆ ಗ್ರಿಡ್‌ಗೆ ಕೂತ್ಬಿಡತ್ತೆ. ಕಾಪಿ_ಪಾತ್ ಆ ಗ್ರಿಡ್‌ನಲ್ಲಿ ಕೂತ ಬಿಂದುವನ್ನೇ ಮತ್ತೆ ನಿಮ್ಮ ಮೀಟರ್‌ಗೆ ತಿರುಗಿಸಿ ಕೊಡತ್ತೆ, ಕಳೆದುಹೋದದ್ದು ವಾಪಸ್ ಬರಲ್ಲ.

ಲೆಕ್ಕ ಹಾಕಿ ನೋಡಿ: ಒಂದು ಯೂನಿಟ್‌ಗೆ 256 ಮೀಟರ್ ಬರೋ ಸ್ಕೇಲ್‌ನಲ್ಲಿ ಕಟ್ಟಿದ್ರೆ ಪ್ರತಿ ಬಿಂದುವೂ 1 ಮೀಟರ್ ಗ್ರಿಡ್‌ಗೆ ಕೂರತ್ತೆ. ಅದನ್ನೇ ಮೀಟರ್‌ಗೆ 10 ಯೂನಿಟ್ ಬರೋ ಹಾಗೆ ಜೂಮ್ ಮಾಡಿದ್ರೆ 10 ಯೂನಿಟ್‌ನ ಮೆಟ್ಟಿಲು. ನಿಮ್ಮ ನಗರದ ಪುಟದ ಸ್ಕೇಲ್ ಇಷ್ಟು ಚಿಕ್ಕದಿರಲ್ಲ, ಆದ್ರೆ ಕಾರಣ ಇದೇ.

ಇನ್ನೊಂದು ತುದಿನೂ ಇದೆ. 24 ಬಿಟ್ ಅಂದ್ರೆ ಹೆಚ್ಚೂಕಮ್ಮಿ 83.88 ಲಕ್ಷದ ತನಕ ಮಾತ್ರ. ಯುಟಿಎಂ 43 ಉತ್ತರ ವಲಯದಲ್ಲಿ ಬೆಂಗಳೂರು ಪೂರ್ವಕ್ಕೆ ಸುಮಾರು 7.8 ಲಕ್ಷ, ಉತ್ತರಕ್ಕೆ ಸುಮಾರು 14.3 ಲಕ್ಷ ಮೀಟರ್. ಟ್ರಾನ್ಸ್‌ಲೇಟ್ ಮರೆತು ಬರೀ ಸ್ಕೇಲ್ 6 ಕೊಟ್ರೆ 14.3 ಲಕ್ಷ 85 ಲಕ್ಷ ದಾಟತ್ತೆ, ಬಿಂದು ಎಲ್ಲೆಲ್ಲೋ ಹೋಗಿ ಪುಟದ ತುಂಬ ಅಡ್ಡಾದಿಡ್ಡಿ ಗೆರೆ. ಯಾವಾಗ್ಲೂ ಮೊದಲು ಚೌಕದ ಮೂಲೆಯನ್ನ ಕಳೆದು ಆಮೇಲೆ ದೊಡ್ಡದು ಮಾಡಿ.

ಹುಬ್ಬಳ್ಳಿ_ಹುಡುಗ
ಅಂದ್ರ ಕಾಪಿ_ಪಾತ್ ಬಳಸೂದ ಬ್ಯಾಡೇನ್ರಿ?

ಗೆರೆಗಾರ
ಅದೇ ಸ್ಕೇಲ್‌ನಲ್ಲಿ ಮತ್ತೆ ಬಳಸೋಕೆ, ಅಥವಾ ಟೆಕ್ಸ್ಟ್‌ನ ಪಾತ್ ಬಿಡಿಸಿ ಬಿಂದುಗಳನ್ನ ವಕ್ರ ಗೆರೆ ಮೇಲೆ ಕೂರಿಸೋಕೆ, ಅಂಥದ್ದಕ್ಕೆ ಬಳಸಿ. ಮೂಲ ಡೇಟಾ ಇಡೋ ಪೆಟ್ಟಿಗೆ ಅದಲ್ಲ. ಕೆರೆ ನಿಮ್ಮದೇ ಆಬ್ಜೆಕ್ಟ್ ಆಗಿರಲಿ, ಒಳಗೆ ಉಂಗುರಗಳ ಪಟ್ಟಿ ಮೀಟರ್‌ನಲ್ಲಿ ಫ್ಲೋಟ್ ಆಗಿ, ದಿಕ್ಕು ಒಂದೇ ಸಲ ತಿದ್ದಿರಲಿ. ಬರೆಯೋ ಚಿತ್ರಕ್ಕೆ ತಕ್ಕಂತೆ ಪ್ರತಿ ಸಲ ಹೊಸ ಪಾತ್ ಕಟ್ಟಿ, ಬರೆದು, ಬಿಟ್ಬಿಡಿ. ಕಟ್ಟೋ ಖರ್ಚು ಬಣ್ಣ ತುಂಬೋ ಖರ್ಚಿನ ಮುಂದೆ ಬಹಳ ಕಡಿಮೆ.

ಪಿಕ್ಸೆಲ್_ಪುಟ್ಟಿ
ಕೊನೇ ಮಾತು ಕೈರೋಗೆ ಸರಿ, ಎಲ್ಲಾ ಕಡೆಗೂ ಅಲ್ಲ. ಕ್ಯಾನ್ವಾಸ್‌ನಲ್ಲಿ ಪಾತ್2ಡಿ ಆಬ್ಜೆಕ್ಟ್ ಇದೆ, ಅದು ಕಾಂಟೆಕ್ಸ್ಟ್‌ನಿಂದ ಸ್ವತಂತ್ರ. ಕಟ್ಟುವಾಗ ಟ್ರಾನ್ಸ್‌ಫಾರ್ಮ್ ತಗೊಳಲ್ಲ, ಬಳಸುವಾಗ ತಗೊಳತ್ತೆ. ಅಲ್ಲಿ ಕೆರೆಗೊಂದು ಪಾತ್2ಡಿ ಒಂದೇ ಸಲ ಕಟ್ಟಿ ಇಟ್ಕೊಳ್ಳೋದು ಸರಿಯಾದ ದಾರಿ, ಪ್ರತಿ ಫ್ರೇಮ್‌ಗೂ ಸಾವಿರಾರು ಲೈನ್‌ಟು ಜಾವಾಸ್ಕ್ರಿಪ್ಟ್‌ನಿಂದ ಕರೆಯೋದು ಖಂಡಿತ ನಿಧಾನ. ನಾಳೆ ಇವರು ಇದನ್ನೇ ವೆಬ್‌ಗೆ ಹಾಕ್ತೀನಿ ಅಂತಾರೆ ನೋಡಿ.

ಕೆರೆದಂಡೆ
ಹಾಕ್ಬೇಕು ಅಂತ ಇದೆ! ಕೆರೆ ಮೇಲೆ ಕ್ಲಿಕ್ ಮಾಡಿದ್ರೆ ಹೆಸರು ಬರ್ಬೇಕು.

ಪಿಕ್ಸೆಲ್_ಪುಟ್ಟಿ
ಈಸ್‌ಪಾಯಿಂಟ್‌ಇನ್‌ಪಾತ್‌ಗೆ ಪಾತ್2ಡಿ ಮತ್ತೆ ಕ್ಲಿಕ್ ಆದ ಜಾಗ ಕೊಡಿ. ಆ ಜಾಗ ಕ್ಯಾನ್ವಾಸ್ ಪಿಕ್ಸೆಲ್‌ನಲ್ಲಿರ್ಬೇಕು, ನಿಮ್ಮ ಮೀಟರ್‌ನಲ್ಲಲ್ಲ, ಪಾತ್‌ಗೆ ಮಾತ್ರ ಆಗಿರೋ ಟ್ರಾನ್ಸ್‌ಫಾರ್ಮ್ ಅನ್ವಯಿಸತ್ತೆ. ಕೈರೋದ ಇನ್_ಫಿಲ್ ಉಲ್ಟಾ, ಅದು ಯೂಸರ್ ಸ್ಪೇಸ್ ಬಿಂದು (ಇಲ್ಲಿ ನಿಮ್ಮ ಮೀಟರ್) ಕೇಳತ್ತೆ. ದಿಕ್ಕು ಸರಿ ಮಾಡಿರೋದ್ರಿಂದ ನಡುಗಡ್ಡೆ ಮೇಲೆ ಕ್ಲಿಕ್ ಮಾಡಿದ್ರೆ ಕೆರೆ ಅಂತ ಬರಲ್ಲ.

ಗೆರೆ ದಪ್ಪಕ್ಕೆ ಅಲ್ಲಿ ಇನ್ನೊಂದು ಉಪಾಯ: ಖಾಲಿ ಪಾತ್2ಡಿ ಮಾಡಿ, ಆಡ್‌ಪಾತ್‌ಗೆ ಕೆರೆಯ ಪಾತ್ ಜೊತೆ ಮ್ಯಾಟ್ರಿಕ್ಸ್ ಕೂಡ ಕೊಡಿ, ಟ್ರಾನ್ಸ್‌ಫಾರ್ಮ್ ರೀಸೆಟ್ ಮಾಡಿ ಸ್ಟ್ರೋಕ್ ಮಾಡಿ.

ರೊಟ್ಟಿ_ಎಣಗಾಯಿ
ಆಂಡ್ರಾಯ್ಡ್‌ನಾಗ ಮಾಡವರಿಗೆ ಒಂದು ಮಾತು. ಆನ್‌ಡ್ರಾ (ಪ್ರತಿ ಸಲ ಪರದಿ ಬರಿಯೂ ಫಂಕ್ಷನ್) ಒಳಗ ಹೊಸ ಪಾತ್ ಆಬ್ಜೆಕ್ಟ್ ಮಾಡಬ್ಯಾಡ್ರಿ, ಲಿಂಟ್ (ಕೋಡ್ ತಪ್ಪು ಹುಡುಕೂ ಟೂಲ್) ಕೂಡ ಬೈತೈತಿ. ಹೊರಗ ಒಂದು ಇಟ್ಕೊಂಡು ರಿವೈಂಡ್() ಮಾಡ್ರಿ. ರೀಸೆಟ್() ಮಾಡಿದ್ರೂ ಖಾಲಿ ಆಗತೈತಿ, ಆದ್ರ ರಿವೈಂಡ್ ಒಳಗಿನ ಜಾಗ ಹಂಗ ಉಳಿಸ್ಕೊಳತೈತಿ, ಮತ್ತ ತುಂಬಾಕ ಲಗೂ ಆಗತೈತಿ. ರೀಸೆಟ್ ಫಿಲ್ ಟೈಪ್ ಬದಲ ಮಾಡೂದಿಲ್ಲ, ರಿವೈಂಡ್ ಅದನ್ನ ವೈಂಡಿಂಗ್‌ಗೆ ತರತೈತಿ, ನೆನಪಿಡ್ರಿ.

ಶಿರಸಿ_ಸಂತೆ
ದಂಡೆಯ ಬಿಂದುಗಳು ಬಹಳ ಇದ್ರೆ ನಗರದ ಪುಟಕ್ಕೆ ಸರಳ ಮಾಡ್ಕೊಳ್ಳಿ, ಡಗ್ಲಸ್-ಪ್ಯೂಕರ್ ವಿಧಾನ ಇದೆಯಲ್ಲ 1973ರದ್ದು, ಕಣ್ಣಿಗೆ ಕಾಣದಷ್ಟು ಚಿಕ್ಕ ತಿರುವುಗಳನ್ನ ತೆಗೆಯತ್ತೆ. ಶೇಪ್ಲಿಯಲ್ಲಿ (ಪೈಥಾನ್‌ನ ಆಕಾರಗಳ ಲೈಬ್ರರಿ) ಸಿಂಪ್ಲಿಫೈ ಅಂತ ಇದೆ.

ರೇಖಾಗಣಿತ_ಮೇಷ್ಟ್ರು
ಕೆರೆಗೆ ಸರಿ. ಆದ್ರೆ ವಾರ್ಡ್ ಗಡಿಗೆ ಹೀಗೆ ಮಾಡ್ಬೇಡಿ, ಪಕ್ಕಪಕ್ಕದ ಎರಡು ವಾರ್ಡ್ ಬೇರೆಬೇರೆಯಾಗಿ ಸರಳ ಆಗಿ ಮಧ್ಯೆ ಸಂದು ಬಿಡತ್ತೆ. ಅದಕ್ಕೆ ಹಂಚಿಕೊಂಡ ಗಡಿಯನ್ನ ಒಂದೇ ಸಲ ಇಡೋ ಟೋಪೋಜೆಸನ್ ಥರದ್ದು ಬೇಕು.

ಹಳೇಬೇರು
ಕೆರೆದಂಡೆಯವರೇ, ಇರೋ ಕೆರೆ ಸರಿ, ಇಲ್ಲದ ಕೆರೆಗಳನ್ನೂ ಹಾಕಿ. ಮೆಜೆಸ್ಟಿಕ್ ಬಸ್ ನಿಲ್ದಾಣ ಇರೋದು ಧರ್ಮಾಂಬುಧಿ ಕೆರೆಯಲ್ಲಿ, ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯಲ್ಲಿ. ಮಳೆ ಬಂದಾಗ ನೀರು ಎಲ್ಲಿ ನಿಲ್ಲತ್ತೆ ಅಂತ ಕೇಳೋರಿಗೆ ಈ ಗೆರೆಗಳನ್ನ ತೋರಿಸ್ಬೇಕು. ನನಗೆ ಇದು ಮ್ಯಾಪ್‌ನ ಅಲಂಕಾರದ ವಿಷಯ ಅಲ್ಲ.

ಕೆರೆದಂಡೆ
ಖಂಡಿತ ಹಾಕ್ತೀನಿ ಸರ್. ಹಳೇ ಸರ್ವೇ ನಕ್ಷೆ ಸ್ಕ್ಯಾನ್ ಇದೆ, ದಂಡೆ ಗುರುತಿಸ್ಬೇಕು. ತುಂಬೋದು ಬೇಡ, ಬರೀ ಚುಕ್ಕಿ ಗೆರೆ ಸಾಕು ಅನ್ಸತ್ತೆ.

ಗೆರೆಗಾರ
ಸೆಟ್_ಡ್ಯಾಶ್ ಕೊಡುವಾಗ್ಲೂ ಅದೇ ನಿಯಮ, ಅಳತೆ ಸ್ಟ್ರೋಕ್ ಕ್ಷಣದ ಟ್ರಾನ್ಸ್‌ಫಾರ್ಮ್‌ನದ್ದು, ಆದ್ರಿಂದ ರಿಸ್ಟೋರ್ ಆದ್ಮೇಲೆ ಕೊಡಿ. ಡ್ಯಾಶ್ ಉದ್ದ 0, ಸಂದು 3, ಲೈನ್ ಕ್ಯಾಪ್ ರೌಂಡ್ ಮಾಡಿದ್ರೆ ದುಂಡು ಚುಕ್ಕಿ ಬರತ್ತೆ. ಮುಗಿದ ಕೂಡ್ಲೇ ಡ್ಯಾಶ್ ಖಾಲಿ ಪಟ್ಟಿ ಕೊಟ್ಟು ತೆಗೀರಿ, ಇಲ್ಲಾಂದ್ರೆ ಮುಂದಿನ ಎಲ್ಲಾ ಗೆರೆನೂ ಚುಕ್ಕಿನೇ. ದಂಡೆಯ ಕೊನೇ ಬಿಂದು ಮೊದಲನೇದೇ ಆಗಿದ್ರೆ ಅದನ್ನ ಬಿಟ್ಟು ಕ್ಲೋಸ್_ಪಾತ್ ಮಾಡಿ, ಸೇರೋ ಮೂಲೆ ಚೊಕ್ಕ ಬರತ್ತೆ. ಬರೀ ಲೈನ್_ಟುನಿಂದ ಮುಚ್ಚಿದ್ರೆ ಅದು ಮುಚ್ಚಿದ ಪಾತ್ ಅಲ್ಲ, ಎರಡು ತುದಿ ಪಕ್ಕಪಕ್ಕ ನಿಂತಿರತ್ತೆ ಅಷ್ಟೇ, ದಪ್ಪ ಗೆರೆಯಲ್ಲಿ ಮೂಲೆ ಕಚ್ಚಿದ ಹಾಗೆ ಕಾಣತ್ತೆ.

ಅಕ್ಷರ_ಅಂಚು
ಹೆಸರು ಎಲ್ಲಿ ಹಾಕ್ತಿದೀರ? ಬಾಳೆಕಾಯಿ ಥರ ಬಾಗಿದ ಕೆರೆ ಇದ್ರೆ ಸೆಂಟ್ರಾಯ್ಡ್ (ಆಕಾರದ ಮಧ್ಯಬಿಂದು) ಕೆರೆ ಹೊರಗೆ ಬೀಳತ್ತೆ.

ಕೆರೆದಂಡೆ
ಸೆಂಟ್ರಾಯ್ಡ್‌ನಲ್ಲೇ ಹಾಕ್ತಿದೀನಿ, ಕೆಲವು ರಸ್ತೆ ಮೇಲೆ ಬಿದ್ದಿವೆ.

ಅಕ್ಷರ_ಅಂಚು
ಶೇಪ್ಲಿಯಲ್ಲಿ ಪಾಲಿಲೇಬಲ್ ಇದೆ, ದಂಡೆಯಿಂದ ಅತಿ ದೂರದ ಒಳ ಬಿಂದು ಹುಡುಕಿ ಕೊಡತ್ತೆ, ನಡುಗಡ್ಡೆನೂ ತಪ್ಪಿಸತ್ತೆ. ಹೆಸರಿನ ಅಗಲ ಪ್ಯಾಂಗೋದಿಂದ ತಗೊಂಡು, ಕೆರೆಗಿಂತ ಅಗಲ ಇದ್ರೆ ಹೊರಗೆ ಹಾಕಿ ಸಣ್ಣ ಗೆರೆ ಎಳೀರಿ.

ಕುಂದಾಪ್ರ_ಕೋಡ್
ಕೋಡ್ ಎಲ್ಲಾದ್ರೂ ಹಾಕ್ತೀರಾ? ನಮ್ಮ ಕಡೆ ಹೊಳೆ, ಹಿನ್ನೀರು, ಕುದ್ರುಗಳಿಗೆ (ಹೊಳೆ ನಡುವಿನ ದ್ವೀಪ) ಇದೇ ಬೇಕು. ಕುದ್ರು ಮೇಲೆ ಮತ್ತೆ ಕೆರೆ ಇರೋ ಕಡೆನೂ ಇದೆ, ಉಂಗುರದೊಳಗೆ ಉಂಗುರದೊಳಗೆ ಉಂಗುರ.

ರೇಖಾಗಣಿತ_ಮೇಷ್ಟ್ರು
ಆ ಒಳಗಿನ ಕೆರೆಯನ್ನ ಬೇರೆ ಹೊರ ಉಂಗುರ ಅಂತಲೇ ಇಡಿ, ಅಪ್ರದಕ್ಷಿಣೆ. ಎಣಿಕೆ ಒಂದು, ಸೊನ್ನೆ, ಮತ್ತೆ ಒಂದು. ಸರಿಯಾಗಿ ತುಂಬತ್ತೆ.

ಕೆರೆದಂಡೆ
ಕೋಡ್ ಈ ಭಾನುವಾರ ಹಾಕ್ತೀನಿ, ಉಂಗುರ ತಿದ್ದೋ ಫಂಕ್ಷನ್ ಬೇರೆ ಫೈಲ್ ಮಾಡಿ ಇಡ್ತೀನಿ, ಕುದ್ರುಗೂ ನೇರ ಬಳಸ್ಬಹುದು.

ಶಿರಸಿ_ಸಂತೆ
ಪಿಡಿಎಫ್ ಕೆಳಗೆ "© ಓಪನ್‌ಸ್ಟ್ರೀಟ್‌ಮ್ಯಾಪ್ ಕೊಡುಗೆದಾರರು" ಅಂತ ಸಾಲು ಹಾಕೋದು ಮರೀಬೇಡಿ, ಲೈಸೆನ್ಸ್ ಕೇಳತ್ತೆ. ಅದನ್ನೂ ಶೋ_ಲೇಔಟ್‌ನಿಂದಲೇ.